ಮೈಲಮ್ಮನ ಕಚ್ಚಾ ಪುಸ್ತಕ

"ಯಾರ್ರಿ ಇದನ್ನ ಅಳಿಸಿದಾರು?"

ಅಂಗಡಿಯಲ್ಲಿ ಫ್ಲೆಕ್ಸ್ ಯಂತ್ರ ಜೋರಾಗಿ ಓಡುತ್ತಿತ್ತು. ಆದರೂ ಆ ದನಿ ಅದನ್ನೂ ಮೀರಿ ಕೇಳಿಸಿತು.

ಕಂಪ್ಯೂಟರ್ ಮುಂದೆ ಕುಳಿತಿದ್ದ ಅರುಣಕುಮಾರ್ ತಲೆಯೆತ್ತಿದ. ಬಾಗಿಲಲ್ಲಿ ಒಬ್ಬ ಹುಡುಗಿ. ಬಿಸಿಲಿಗೆ ಕೆಂಪಾದ ಮುಖ, ಹೆಗಲಿಗೆ ಬಟ್ಟೆಯ ಚೀಲ, ಎದೆಗೆ ಒತ್ತಿ ಹಿಡಿದ ದಪ್ಪ ಪುಸ್ತಕ. ಅವನ ಮುಂದಿನ ಪರದೆಯ ಮೇಲೆ ಊರಿನ ಒಬ್ಬ ಮುಖಂಡರ ಕೆನ್ನೆ ಅರ್ಧ ಬೆಳ್ಳಗಾಗಿ, ಇನ್ನರ್ಧ ತನ್ನ ಸರದಿಗಾಗಿ ಕಾಯುತ್ತಿತ್ತು.

"ಏನ್ ಅಳಿಸೀವ್ರಿ ಮೇಡಂ?"

"ಈ ಪುಸ್ತಕನ! ಕೋಮಲಾ ಟೀಚರ್ ಕೈಯಾಗ ಕೊಟ್ಟು ಕಳಿಸಿದ್ದೆ. ನಲವತ್ತೊಂದು ಹಾಳಿ ಸ್ಕ್ಯಾನ್ ಮಾಡಿ ಪೆನ್‌ಡ್ರೈವ್‌ಗೆ ಹಾಕ್ರಿ ಅಂತ. ಅಷ್ಟೇ ಹೇಳಿದ್ದು."

"ಓ... ಕುರಿ ಚಿತ್ರದ ಪುಸ್ತಕಾನ್ರಿ? ಮಾಡಿ ಕೊಟ್ಟೀನಲ್ರಿ. ಕ್ಲೀನೂ ಮಾಡೀನಿ. ಎರಡು ದಿನ ಹಿಡೀತು ನೋಡ್ರಿ."

ಅವನ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು. ಮೈಲಮ್ಮನಿಗೆ ಸಿಟ್ಟು ಹೆಚ್ಚಾಗಿದ್ದು ಅದಕ್ಕೇ.

"ಕ್ಲೀನ್ ಮಾಡ್ರಿ ಅಂತ ಯಾರ್ ಹೇಳಿದ್ರು?"

"ಹೇಳಬೇಕೇನ್ರಿ? ಹಾಳಿ ತುಂಬ ಪೆನ್ಸಿಲ್ ಗೀಟು. ಒಂದು ಕುರಿಗೆ ಏಳು ಕಾಲು! ಮೂಲ್ಯಾಗ ನೋಡಿದ್ರ ಕೆಂಪು ರಾಡಿ. ಒಂದಲ್ಲ ಎರಡಲ್ಲ, ಎಲ್ಲಾ ಹಾಳಿಮ್ಯಾಗೂ ಐತಿ..."

"ಅದು ರಾಡಿ ಅಲ್ಲ."

ಅಳಬಾರದು... ಈ ಮನುಷ್ಯನ ಮುಂದಂತೂ ಅಳಬಾರದು!

"ಅದು ನಮ್ಮಪ್ಪನ ಹೆಬ್ಬೆಟ್ಟು."

ಅರುಣನ ಕೈ ಮೌಸ್ ಮೇಲೆ ಹಾಗೇ ನಿಂತಿತು.

ಮೈಲಮ್ಮನ ಅಪ್ಪ ಕರಿಸಿದ್ದಪ್ಪ ಕೋಗಳಿಯ ಹತ್ತಿರದ ಊರಿನವರು. ಕುರಿ ಕಾಯುವವರು. ಹಿಂಡಿಗೆ ಹಿಂಡು ಬೆರೆತಾಗ ಯಾವ ಕುರಿ ಯಾರದೆಂದು ತಿಳಿಯಲು ಒಬ್ಬೊಬ್ಬರದು ಒಂದೊಂದು ಗುರುತು. ಕರಿಸಿದ್ದಪ್ಪನವರದು ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು. ಹಣೆಯ ಮೇಲೆ ಹೆಬ್ಬೆಟ್ಟಿನಿಂದ ಒಂದೇ ಒಂದು ಒತ್ತು.

ಮಗಳು ದಾವಣಗೆರೆಯಲ್ಲಿ ಚಿತ್ರಕಲೆ ಓದಿ ಬಂದಳು. ಅವಳು ಬರೆಯುವ ಚಿತ್ರಗಳು ಅವರಿಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾದಂತೆ ಅವರು ನಟಿಸುತ್ತಲೂ ಇರಲಿಲ್ಲ. ಬಹಳ ಹೊತ್ತು ಸುಮ್ಮನೆ ನೋಡಿ, ಡಬ್ಬಿಯಲ್ಲಿ ಬೆರಳದ್ದಿ, ಪುಟದ ಮೂಲೆಯಲ್ಲಿ ಒತ್ತುತ್ತಿದ್ದರು.

ಇದು ನಮ್ಮದು. ಅಷ್ಟೇ ಅದರ ಅರ್ಥ.

ನಲವತ್ತೊಂದು ಪುಟ. ನಲವತ್ತೊಂದು ಸಲ ನಮ್ಮದು ಎಂದಿದ್ದರು ಅಪ್ಪ. ಈ ಮನುಷ್ಯ ಒಂದೂ ಬಿಡದೆ ತೆಗೆದಿದ್ದ!

"ಗೊತ್ತಿರ್ಲಿಲ್ರಿ," ಎಂದ ಅರುಣ ಮೆಲ್ಲಗೆ.

"ಮತ್ತ ಸ್ಕ್ಯಾನ್ ಮಾಡ್ರಿ. ಈಗ, ನನ್ನ ಮುಂದ. ಹಾಳಿಮ್ಯಾಗ ಒಂದು ಕುರಿಕೂದಲ ಅಂಟಿದ್ರೂ ಅದೂ ಬರಬೇಕು."

"ಇವರ ಹುಟ್ಟುಹಬ್ಬ ನಾಳೆ ಐತ್ರಿ ಮೇಡಂ. ಕೆನ್ನಿ ಇನ್ನೂ..."

"ಕಾಯ್ಲಿ ಬಿಡ್ರಿ. ಐವತ್ತು ವರ್ಷ ಕಪ್ಪಗಿದ್ದ ಕೆನ್ನಿ, ಇನ್ನೊಂದು ತಾಸು ಇದ್ರ ಏನಾಕ್ಕೈತಿ?"

ಅರುಣನಿಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ.

ಮೊದಲ ಪುಟ ಗಾಜಿನ ಮೇಲೆ ಬಿತ್ತು. ಎರಡನೆಯದು. ಮೂರನೆಯದು. ಕಳೆದ ಸಲ ಅವನು ಈ ಪುಟಗಳಲ್ಲಿ ಕಂಡಿದ್ದು ತೆಗೆಯಬೇಕಾದ್ದನ್ನು ಮಾತ್ರ. ಇವತ್ತು ಏನನ್ನೂ ತೆಗೆಯುವಂತಿರಲಿಲ್ಲ. ಹಾಗಾಗಿ ನೋಡುವುದೊಂದೇ ಉಳಿದಿತ್ತು.

ಒಂದು ಕುರಿಯ ಹೊಟ್ಟೆಗೆ ಬಾಗಿಲು. ಬಾಗಿಲಿನಿಂದ ಕೆಳಗಿಳಿಯುವ ಮೆಟ್ಟಿಲು. ಕೊನೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಉಣ್ಣೆ ಬಿಡಿಸುತ್ತ ಕುಳಿತಿದ್ದಾಳೆ. ಇನ್ನೊಂದು ಪುಟದಲ್ಲಿ ಬಾವಿಯ ತಳದಲ್ಲಿ ಬಸ್ ಸ್ಟ್ಯಾಂಡ್, ಮೀನುಗಳು ಹೂವಿನಹಡಗಲಿ ಬಸ್ಸಿಗೆ ಕಾಯುತ್ತಿವೆ. ಮತ್ತೊಂದರಲ್ಲಿ ಬಿಡಿಸಿದ ಶೇಂಗಾಕಾಯಿ...

"ಇದು ಏನ್ರಿ?"

"ಶೇಂಗಾ."

"ಅದು ಗೊತ್ತಾತು. ಒಳಗ..."

"ಇಬ್ರು ಮುದುಕೇರು. ಮಲಗ್ಯಾರ." ಅವಳ ದನಿ ಮೊದಲ ಬಾರಿಗೆ ಕೊಂಚ ಇಳಿಯಿತು. "ಎಬ್ಬಿಸಬ್ಯಾಡ್ರಿ."

ಅರುಣ ಆ ಪುಟವನ್ನು ಉಳಿದೆಲ್ಲಕ್ಕಿಂತ ನಿಧಾನವಾಗಿ ಎತ್ತಿದ. ಮೈಲಮ್ಮ ಅದನ್ನು ಗಮನಿಸಿದಳು. ಗಮನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟಾದಳು!

"ಯಾವುದೂ ಮುಗಿದಂಗಿಲ್ಲಲ್ರಿ?"

"ಇಲ್ಲ."

"ಮುಗೀದಿದ್ದನ್ನ ಯಾರರ ಮಂದಿಗೆ ತೋರಿಸ್ತಾರೇನ್ರಿ?"

"ನಾನು ತೋರಿಸ್ತೀನಿ," ಎಂದಳು ಮೈಲಮ್ಮ.

*

ಅವಳು ಕೊಟ್ಟೂರಿನ ಒಂದು ಖಾಸಗಿ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ಇನ್‌ಸ್ಟಾದಲ್ಲಿ ಅವಳದೊಂದು ಪುಟವಿತ್ತು: 'ಮೈಲಮ್ಮನ ಕಚ್ಚಾ ಪುಸ್ತಕ.'

ಒಂದೇ ಚಿತ್ರವನ್ನು ಮೊದಲ ದಿನ, ಮೂರನೇ ದಿನ, ಹತ್ತನೇ ದಿನ ಹೇಗಿತ್ತೋ ಹಾಗೇ ಹಾಕುತ್ತಿದ್ದಳು. ತಪ್ಪಿದ ಗೆರೆಗಳ ಸಮೇತ. ಅವಳ ಬಳಿ ರಬ್ಬರ್ ಇರಲೇ ಇಲ್ಲ.

"ಮೈಲಮ್ಮ ಅಂದ್ರ ಹಳೇ ಹೆಸರಾತು. ಮೈಲಿ ಅಂತಾದ್ರೂ ಇಟ್ಕೊ," ಎಂದು ಕಾಲೇಜಿನಲ್ಲಿ ಗೆಳತಿಯರು ಎಷ್ಟೋ ಸಲ ಹೇಳಿದ್ದರು.

"ನಮ್ಮಜ್ಜಿ ಹೆಸರದು. ಅದಕ್ಕ್ಯಾಕ ಕತ್ರಿ ಹಾಕ್ಲಿ?" ಎನ್ನುತ್ತಿದ್ದಳು.

ಅವಳ ಫೋನಿನ ಕ್ಯಾಮೆರಾದಲ್ಲಿ ಪೆನ್ಸಿಲ್ಲಿನ ತೆಳು ಗೆರೆ ಕಾಣುತ್ತಿರಲಿಲ್ಲ. ಕೊಟ್ಟೂರಿನಲ್ಲಿ ಒಳ್ಳೆಯ ಸ್ಕ್ಯಾನರ್ ಇದ್ದದ್ದು ಅರುಣನ ಅಂಗಡಿಯಲ್ಲಿ ಮಾತ್ರ. ಹಾಗಾಗಿ ಸಿಟ್ಟು ಇಳಿಯುವ ಮೊದಲೇ ಮತ್ತೆ ಅಲ್ಲಿಗೇ ಹೋಗಬೇಕಾಯಿತು.

ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ಒಂದಕ್ಕೆ ಅವಳು ಬರುತ್ತಿದ್ದಳು. ಅಷ್ಟರೊಳಗೆ ಅವನು ಗಾಜು ಒರೆಸಿಟ್ಟು, ಕಾಗದದ ಪೊಟ್ಟಣದಲ್ಲಿ ಮಂಡಕ್ಕಿ, ಮೆಣಸಿನಕಾಯಿ ತರಿಸಿಟ್ಟಿರುತ್ತಿದ್ದ. ದೊಡ್ಡ ಫೈಲುಗಳು ಅವನ ಕಂಪ್ಯೂಟರಿನಿಂದಲೇ ಹೋಗಬೇಕಿತ್ತು. ಇನ್‌ಸ್ಟಾ ಪುಟದ ಪಾಸ್‌ವರ್ಡ್ ಅವನಿಗೂ ಕೊಟ್ಟಳು.

ಒಂದು ವಾರ ಬೇಕೆಂದೇ ಒಂದು ಕುರಿಕೂದಲನ್ನು ಪುಟದ ಮೇಲೆ ಬಿಟ್ಟಳು. ಅದೂ ಸ್ಕ್ಯಾನ್ ಆಗಿ ಬಂದಿತ್ತು.

"ಇದನ್ನ ತೆಗೀಬಹುದಿತ್ತು," ಎಂದಳು ನಗು ಅದುಮಿಕೊಂಡು.

"ನನಗ್ಯಾಕ್ ಬೇಕ್ರಿ! ಆಮ್ಯಾಲ ಅದು ನಿಮ್ಮ ಮಾವನ ಮೀಸಿ ಅಂದ್ರ?"

ಮೈಲಮ್ಮ ಜೋರಾಗಿ ನಕ್ಕಳು.

ಅವನು ಮಾತಿನವನಲ್ಲ. ಅವಳೂ ಅಷ್ಟೇ. ಸ್ಕ್ಯಾನರಿನ ಬೆಳಕು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟು ಹೊತ್ತು ಇಬ್ಬರೂ ಒಂದೇ ಪುಟವನ್ನು ನೋಡುತ್ತಿದ್ದರು. ಕೆಲವು ಮನೆಗಳಲ್ಲಿ ಗಂಡ ಹೆಂಡತಿ ಇಡೀ ವರ್ಷದಲ್ಲಿ ಅಷ್ಟು ಹೊತ್ತು ಒಂದೇ ಕಡೆ ನೋಡುವುದಿಲ್ಲ.

"ತಪ್ಪು ಗೀಟು ಯಾಕ ಇಟ್ಕಂತೀರಿ?" ಎಂದು ಒಂದು ಶನಿವಾರ ಕೇಳಿದ.

"ಅದನ್ನ ತೆಗೆದ್ರ, ಸರಿ ಗೀಟು ಎಲ್ಲಿಂದ ಬಂತು ಅಂತ ಯಾರಿಗೆ ಗೊತ್ತಾಕ್ಕೈತಿ?"

ಅಂದು ಸಂಜೆ ಒಬ್ಬರ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಅವರ ಗಲ್ಲದ ಮಚ್ಚೆಯನ್ನು ತೆಗೆಯದೆ ಬಿಟ್ಟ. ಗಿರಾಕಿ ಬಂದು ಜಗಳವಾಡಿದರು. ಅದನ್ನು ಅವನು ಮೈಲಮ್ಮನಿಗೆ ಹೇಳಲಿಲ್ಲ.

ಶೇಂಗಾ ಕಿತ್ತ ಮೇಲೆ ಕರಿಸಿದ್ದಪ್ಪನವರ ಕುರಿಹಿಂಡು ಕೊಟ್ಟೂರಿನ ಹೊರಗಿನ ಹೊಲವೊಂದರಲ್ಲಿ ಬೀಡುಬಿಟ್ಟಿತು. ಅರುಣ ಅವಳ ಜೊತೆ ಹೋದ. ತಪ್ಪೊಪ್ಪಿಕೊಳ್ಳುವುದಿತ್ತು.

ಕರಿಸಿದ್ದಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಇವನೇನವ್ವಾ ನನ್ನ ಬೆರಳು ಅಳಿಸಿದಾತ?"

"ಹೌದ್ರಿ," ಎಂದ ಅರುಣನೇ.

"ಎಲ್ಲಾ ಹಾಳಿಮ್ಯಾಗಿಂದೂ?"

"ಹೌದ್ರಿ."

"ಭಾಳ ದುಡಿದೀ ಬಿಡಪ್ಪ."

ಅಷ್ಟು ಹೇಳಿ ಅವರು ಕಂಬಳಿಯ ಮೇಲೆ ಅವನಿಗೂ ಜಾಗ ಬಿಟ್ಟರು. ಮೈಲಮ್ಮ ಹೊಸ ಪುಟ ತೆರೆದಳು. ಅಪ್ಪ ನೋಡಿದರು, ಬೆರಳದ್ದಿದರು, ಒತ್ತಿದರು. ಎಣ್ಣೆ ಕಾಗದದೊಳಗೆ ಇಳಿಯಿತು. ಹಾಳೆ ತಿರುಗಿಸಿದರೆ ಹಿಂದೆಯೂ ಗುರುತು ಮೂಡಿತ್ತು.

'ಈ ಕಡೆಯಿಂದ ತೆಗೆದರೂ ಆ ಕಡೆ ಇರುತ್ತದೆ...' ಎಂದುಕೊಂಡ ಅರುಣ.

ಪುಸ್ತಕದ ಕೊನೆಯಲ್ಲಿ ಇನ್ನೊಂದು ಪುಟವಿತ್ತು. ಮೌಸ್ ಹಿಡಿದ ಒಂದು ಕೈ. ಹನ್ನೆರಡು ಸಲ ಬರೆದ ಅದೇ ಬೆರಳುಗಳು, ಒಂದರ ಮೇಲೊಂದು. ಆ ಪುಟವನ್ನು ಮೈಲಮ್ಮ ಅಪ್ಪನಿಗೂ ತೋರಿಸಿರಲಿಲ್ಲ. ಅದರ ಮೂಲೆ ಖಾಲಿಯಿತ್ತು.

'ಇದು ನಮ್ಮದು ಅಂತ ಹೇಗೆ ಹೇಳಲಿ? ಇನ್ನೂ ಆಗಿಲ್ಲವಲ್ಲ...'

*

ಡಿಸೆಂಬರಿನಲ್ಲಿ ಅವಳು ಬರೆದ ಚಿತ್ರಕ್ಕೆ ಹೆಸರು 'ಸಂಜೆ ಆರಕ್ಕೆ ಇಳಿದವರು.'

ಬಸ್ ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ಒಂದು ದೊಡ್ಡ ಫ್ಲೆಕ್ಸ್. ಅದರಲ್ಲಿರುವ ಮುಖಂಡರೆಲ್ಲ ಸಂಜೆಯಾಗುತ್ತಲೇ ಹಗ್ಗ ಹಿಡಿದು ಕೆಳಗಿಳಿಯುತ್ತಿದ್ದಾರೆ. ಮೈಮೇಲೆ ಬನಿಯನ್ ಮಾತ್ರ. ಬರಿಗಾಲು. ಎದುರಿನ ಹೋಟೆಲಿನಲ್ಲಿ ಸಾಲಾಗಿ ಕುಳಿತು ಚಹಾ ಕುಡಿಯುತ್ತಿದ್ದಾರೆ. ಫ್ಲೆಕ್ಸಿನ ಮೇಲೆ ಉಳಿದಿರುವುದು ಬರೀ ಬಿಳಿ ಅಂಗಿ, ಶಾಲು, ಉಂಗುರ, ಮತ್ತು ಯಾರದೂ ಅಲ್ಲದ ಜೋಡಿಸಿದ ಕೈಗಳು.

ನಾಲ್ಕು ಹಂತಗಳಲ್ಲಿ ಆ ಚಿತ್ರ ಪುಟದಲ್ಲಿ ಬಂತು. ಹರಪನಹಳ್ಳಿಯಿಂದ ಕೂಡ್ಲಿಗಿಯವರೆಗೆ ಫೋನುಗಳಲ್ಲಿ ಓಡಾಡಿತು.

"ಪಾಪ, ಆರಕ್ಕ ಬಿಟ್ರಲ್ಲ, ಒಳ್ಳೇದಾತು!" ಎಂದು ಒಬ್ಬರು ಬರೆದರು.

"ಆ ಹಸಿರು ಶಾಲು, ಎರಡು ಉಂಗುರ... ನಮ್ಮ ಪಂಚಾಕ್ಷರಪ್ಪೋರದಲ್ಲೇನು?" ಎಂದು ಇನ್ನೊಬ್ಬರು.

ಪಂಚಾಕ್ಷರಪ್ಪ ಶೇಂಗಾ ವ್ಯಾಪಾರಿ. ಮೈಲಮ್ಮನ ಶಾಲೆಯ ಆಡಳಿತ ಮಂಡಳಿಯಲ್ಲಿದ್ದವರು. ಅಷ್ಟೇ ಅಲ್ಲ, ಅರುಣನ ದೊಡ್ಡಪ್ಪ. ಅವನ ಅಂಗಡಿಯ ನಾಲ್ಕು ಗೋಡೆ ಅವರವು.

ಸೋಮವಾರ ಬೆಳಿಗ್ಗೆ ಮೈಲಮ್ಮ ಫೋನ್ ತೆರೆದಾಗ ಚಿತ್ರ ಇರಲಿಲ್ಲ. ಮೊದಲ ದಿನದ್ದೂ ಇಲ್ಲ. ಕೊನೆಯದೂ ಇಲ್ಲ.

'ಇನ್‌ಸ್ಟಾ ಕಂಪನಿಯವರೇ ತೆಗೆದಿರಬೇಕು...' ಹಾಗಿರಲಿ ಎಂದು ಅವಳ ಮನಸ್ಸು ಬೇಡಿಕೊಂಡಿತು. ಬೇರೆ ಯಾರಾದರೂ ಸರಿ. ಅವನೊಬ್ಬ ಆಗದಿರಲಿ!

ಶಾಲೆಗೆ ಹೋಗುವ ದಾರಿ ಬಿಟ್ಟು ಅಂಗಡಿಗೆ ನಡೆದಳು.

"ಅರುಣ್, ಆ ಚಿತ್ರ ಎಲ್ರಿ?"

ಅವನು ಮೌಸಿನಿಂದ ಕೈ ತೆಗೆದ. ಅದೇ ಉತ್ತರವಾಗಿತ್ತು.

"ಅಳಿಸಿಲ್ರಿ... ಮುಚ್ಚಿಟ್ಟೀನಿ ಅಷ್ಟ. ದೊಡ್ಡಪ್ಪ ನಿನ್ನೆ ಬಂದಿದ್ರು. ಇವತ್ತು ಸಾಲ್ಯಾಗ ಮೀಟಿಂಗ್ ಐತಿ, ಆಕೀನ ತೆಗಸ್ತೀನಿ ಅಂದ್ರು. ನಿಮ್ಮ ಕೆಲಸ ಹೋಗ್ತಿತ್ರಿ ಮೈಲಮ್ಮ!"

"ನನ್ನ ಕೇಳಿದ್ರೇನು?"

"ಕೇಳಿದ್ರ ನೀವು ಬ್ಯಾಡ ಅಂತಿದ್ರಿ."

"ಗೊತ್ತಿತ್ತಲ್ಲ ಹಂಗಾರ!"

ಯಂತ್ರ ನಿಂತಿತ್ತು.

"ಮೊದಲ ಸಲ ಗೊತ್ತಿಲ್ದ ಅಳಿಸಿದ್ರಿ. ಅದು ನಮ್ಮಪ್ಪನ ಬೆರಳು. ಹೋಗ್ಲಿ ಅಂತ ಬಿಟ್ಟೆ. ಈ ಸಲ ಗೊತ್ತಿದ್ದೂ ಗೊತ್ತಿದ್ದೂ ಅಳಿಸಿದ್ರಿ... ನನ್ನನ್ನ."

"ನಿಮಗೇನರ ಆಗ್ತೈತಿ ಅಂತ ಹೆದ್ರಿದ್ನಿ ನಾನು..."

"ನನ್ನ ಹೆದರಿಕಿ ನನಗ ಇರ್ಲಿ. ಅದನ್ನೂ ನೀವೇ ತಗಂಡ್ರ ನನಗೇನ್ ಉಳೀತು?"

ಅವನು ಎದ್ದು ನಿಂತ. ಏನೋ ಹೇಳಬೇಕಿತ್ತು. ಹೇಳಿದ್ದರೆ ಬಹುಶಃ ಅವಳು ನಿಲ್ಲುತ್ತಿದ್ದಳು. ಆದರೆ ಮೂರು ತಿಂಗಳಿನಿಂದ ಇಬ್ಬರ ನಡುವೆ ಹಿತವಾಗಿ ಕುಳಿತಿದ್ದ ಮೌನ ಈಗ ಬಾಗಿಲು ಹಾಕಿಕೊಂಡಿತು.

ಮೈಲಮ್ಮ ಮೆಟ್ಟಿಲಿಳಿದಳು. ರಸ್ತೆಯಲ್ಲಿ ನಿಂತೇ ಪಾಸ್‌ವರ್ಡ್ ಬದಲಿಸಿದಳು. ನಾಲ್ಕೂ ಚಿತ್ರಗಳನ್ನು ಮತ್ತೆ ತೆರೆದಿಟ್ಟಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

*

ಶಾಲೆಯಲ್ಲಿ ಪಂಚಾಕ್ಷರಪ್ಪ ಕುರ್ಚಿಯಲ್ಲಿ ಕುಳಿತಿದ್ದರು. ಮುಂದೆ ಒಂದು ಬಿಳಿ ಹಾಳೆ.

"ಬರೀಬೇಕಮ್ಮ. ತಪ್ಪಾತು, ಚಿತ್ರ ತೆಗಿತೀನಿ ಅಂತ. ಮುಗೀತು."

"ಅದರಾಗ ನಿಮ್ಮ ಹೆಸರಿಲ್ರಿ. ಮುಖಾನೂ ಇಲ್ಲ."

"ಶಾಲು ಐತಲ್ಲ!"

"ಹಸಿರು ಶಾಲು ಈ ಊರಾಗ ನಿಮಗೊಬ್ಬರಿಗೇ ಐತೇನ್ರಿ?"

ಮೂಲೆಯಲ್ಲಿ ನಿಂತಿದ್ದ ಕೋಮಲಾ ಟೀಚರ್ ಸೆರಗು ಬಾಯಿಗೆ ಹಿಡಿದರು. ಪಂಚಾಕ್ಷರಪ್ಪನವರ ಮುಖ ಬಿಗಿಯಿತು.

"ಮೊಬೈಲಿನಾಗ ಕದ್ದು ಹಾಕೋದು ದೊಡ್ಡಸ್ತಿಕಿ ಅಲ್ಲ. ಧೈರ್ಯ ಇದ್ರ ನಾಲ್ಕು ಮಂದಿ ಎದುರಿಗೆ ತೋರಸು ನೋಡಾಣ."

ಮೈಲಮ್ಮ ಹಾಳೆ ಎಳೆದುಕೊಂಡಳು. ಒಂದೇ ಸಾಲು ಬರೆದಳು.

'ಚಿತ್ರ ನನ್ನದು. ತೆಗೆಯುವುದಿಲ್ಲ. ಮೈಲಮ್ಮ, ಚಿತ್ರಕಲಾ ಶಿಕ್ಷಕಿ.'

ಅಲ್ಲಿಂದ ನೇರ ಪಟ್ಟಣ ಪಂಚಾಯಿತಿ ಕಚೇರಿಗೆ ಹೋದಳು. ಸರ್ಕಲ್ಲಿನ ಕಬ್ಬಿಣದ ಚೌಕಟ್ಟಿನಲ್ಲಿ ಮೂರು ದಿನ ಫ್ಲೆಕ್ಸ್ ಹಾಕಲು ಅನುಮತಿ ಕೇಳಿದಳು.

"ಯಾರ ಹುಟ್ಟುಹಬ್ಬಮ್ಮ?" ಎಂದರು ಗುಮಾಸ್ತರು.

"ಯಾರದೂ ಅಲ್ರಿ. ಚಿತ್ರ ಪ್ರದರ್ಶನ."

"ಎಷ್ಟು ಚಿತ್ರ?"

"ಒಂದೇ."

ಅವರು ಅವಳ ಮುಖವನ್ನೊಮ್ಮೆ ನೋಡಿ, ಮುದ್ರೆ ಒತ್ತಿ ಚೀಟಿ ಕೊಟ್ಟರು.

ಬುಧವಾರ ಶಾಲೆ ಬಿಟ್ಟ ಮೇಲೆ ಅವಳು ಮತ್ತೆ ಆ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಎದೆಗೆ ಒತ್ತಿ ಹಿಡಿದ ಅದೇ ಪುಸ್ತಕ. ಹರಪನಹಳ್ಳಿಯಲ್ಲಿಯೂ ಫ್ಲೆಕ್ಸ್ ಅಂಗಡಿಗಳಿದ್ದವು. ಅಲ್ಲಿಗೆ ಹೋಗಬಹುದಿತ್ತು. ಬಸ್ಸೂ ಇತ್ತು.

'ಇಲ್ಲ. ಇವನ ಕೈಯಿಂದಲೇ ಆಗಬೇಕು. ಆಗದಿದ್ದರೆ ಅದೂ ಗೊತ್ತಾಗಿಹೋಗಲಿ!'

"ಫ್ಲೆಕ್ಸ್ ಬೇಕಿತ್ರಿ. ಇಪ್ಪತ್ತು ಅಡಿ, ಹತ್ತು ಅಡಿ."

ಅರುಣನ ಗಡ್ಡ ಬೆಳೆದಿತ್ತು. ಅವನು ಅವಳನ್ನು ನೋಡಿದ. ಪುಸ್ತಕವನ್ನು ನೋಡಿದ. ಅನುಮತಿಯ ಚೀಟಿಯನ್ನು ನೋಡಿದ.

"ಸರ್ಕಲ್‌ನಾಗೇನ್ರಿ?"

"ಹೌದು."

"ಅದೇ ಚಿತ್ರಾನ್ರಿ?"

"ಅದೇ ಚಿತ್ರ."

ಅವನಿಗೆ ಅರ್ಥವಾಯಿತು. ಇದನ್ನು ಮಾಡಿದರೆ ಈ ಅಂಗಡಿ ಇರುವುದಿಲ್ಲ. ಮಾಡದಿದ್ದರೆ ಇವಳು ಇರುವುದಿಲ್ಲ. ಎರಡನ್ನೂ ತೂಗುವಷ್ಟು ಹೊತ್ತು ಅವನು ತೆಗೆದುಕೊಳ್ಳಲಿಲ್ಲ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ಪುಸ್ತಕ ತೆಗೆದುಕೊಂಡ.

ಬೆಳಕು ಪುಟದ ಮೇಲೆ ನಿಧಾನವಾಗಿ ಹಾದುಹೋಯಿತು. ತಪ್ಪಿದ ಗೆರೆಗಳು ಬಂದವು. ಇಳಿಯುವವರ ಮೂರು ಮೂರು ಕಾಲುಗಳು ಬಂದವು. ಮೂಲೆಯ ಕೆಂಪು ಹೆಬ್ಬೆಟ್ಟು ಬಂತು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ದೊಡ್ಡಪ್ಪ! ಪಂಚಾಯಿತಿಯಿಂದ ಸುದ್ದಿ ಮುಟ್ಟಿತ್ತು.

"ಏನ್ಲೇ ಅರುಣ, ಆ ಹುಡುಗಿ ಬಂದಾಳಂತ?"

"ಬಂದಾಳ ದೊಡ್ಡಪ್ಪ. ಸ್ಕ್ಯಾನ್ ಆತು, ಇನ್ನ ಪ್ರಿಂಟಿಗೆ ಹಾಕ್ತೀನಿ."

"ನಿಲ್ಲಸು."

"ಇಲ್ಲ."

"ಯಾರ ಮಳಿಗ್ಯಾಗ ಕುಂತು ಮಾತಾಡಾಕತ್ತೀದಿ, ಗೊತ್ತೈತೇನು?"

"ನಿಮ್ಮದು ದೊಡ್ಡಪ್ಪ. ನಾಳೆ ಕೀಲಿ ತಂದು ಕೊಡ್ತೀನಿ. ಮಿಷನ್ ನಂದು, ಅದನ್ನ ಒಯ್ತೀನಿ."

ಫೋನ್ ಇಟ್ಟ ಮೇಲೆ ಅವನ ಕೈ ನಡುಗುತ್ತಿತ್ತು. ಮೈಲಮ್ಮ ನೋಡಿದಳು. ಹನ್ನೆರಡು ಸಲ ಬರೆದಿದ್ದ ಕೈ ಅದು. ನಡುಗುವಾಗ ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ...

"ಒಂದು ಮಾತು ಕೇಳ್ಲೇನ್ರಿ?" ಎಂದ ಅವನು. "ಕೆಳಗ ಒಂದು ಪಟ್ಟಿ ಖಾಲಿ ಉಳಿದೈತಿ. ಫ್ಲೆಕ್ಸ್‌ನಾಗ ಅದು ಶುಭ ಕೋರುವವರ ಜಾಗ. ಅಲ್ಲಿ ಒಂದು ಸಾಲು ಹಾಕಬೇಕಂತ ಆಸಿ ಐತಿ. ನೀವು ಓದಿ ಹೂಂ ಅಂದ್ರ ಹಾಕ್ತೀನಿ. ಬ್ಯಾಡ ಅಂದ್ರ ಬ್ಯಾಡ."

ಅವನು ಟೈಪ್ ಮಾಡಿ ಪರದೆಯನ್ನು ಅವಳ ಕಡೆ ತಿರುಗಿಸಿದ.

ಅವಳು ಓದಿದಳು. ಮತ್ತೊಮ್ಮೆ ಓದಿದಳು.

"ಅಕ್ಷರ ಇನ್ನೊಂಚೂರು ದೊಡ್ಡದು ಮಾಡ್ರಿ," ಎಂದಳು.

*

ಗುರುವಾರ ಬೆಳಿಗ್ಗೆ ಎಂಟಕ್ಕೆ ಕೊಟ್ಟೂರಿನ ಸರ್ಕಲ್ಲಿನಲ್ಲಿ ಬಸ್ಸಿಳಿದವರು ಅಲ್ಲೇ ನಿಂತರು. ಇಡ್ಲಿ ಗಾಡಿಯವನು ಸೌಟು ಹಿಡಿದುಕೊಂಡೇ ತಲೆಯೆತ್ತಿದ.

ಪ್ರತಿ ವಾರ ಯಾರದೋ ಬೆಳ್ಳನೆಯ ಮುಖಗಳು ನಗುತ್ತಿದ್ದ ಜಾಗದಲ್ಲಿ ಇಂದು ಬರೀ ಅಂಗಿಗಳಿದ್ದವು. ಮನುಷ್ಯರು ಇಳಿದು ಚಹಾ ಕುಡಿಯುತ್ತಿದ್ದರು. ಅಳಿಸದ ಗೆರೆಗಳು ಆಳೆತ್ತರಕ್ಕೆ ಬೆಳೆದಿದ್ದವು. ಮೂಲೆಯಲ್ಲಿ ತಟ್ಟೆಯಷ್ಟು ಅಗಲದ ಕೆಂಪು ಹೆಬ್ಬೆಟ್ಟು.

ಕೆಳಗೆ, ಶುಭ ಕೋರುವವರ ಜಾಗದಲ್ಲಿ, ಒಂದೇ ಸಾಲು:

'ಮೈಲಮ್ಮನ ಚಿತ್ರವನ್ನು ಎರಡು ಸಲ ಅಳಿಸಿದವನು: ಅರುಣಕುಮಾರ್, ಕೊಟ್ಟೂರು.'

ಒಬ್ಬ ಜೋರಾಗಿ ಓದಿದ. ಇನ್ನೊಬ್ಬ, "ಅಳಿಸಿದಾವ ಹೆಸರು ಹಾಕ್ಯಾನಲ್ಲಪ್ಪ! ಹಿಂಗೂ ಇರ್ತಾರ?" ಎಂದ. ಯಾರೋ ನಕ್ಕರು. ಕೆಲವರು ನಗಲಿಲ್ಲ.

ಪಂಚಾಕ್ಷರಪ್ಪ ಬಂದರು. ಗುಂಪು ದಾರಿ ಬಿಟ್ಟಿತು. ಅವರು ಕೆಳಗೆ ನಿಂತು ಬಹಳ ಹೊತ್ತು ನೋಡಿದರು. ಫೋನಿನಲ್ಲಿ ಅವರಿಗೆ ಶಾಲು ಮಾತ್ರ ಕಂಡಿತ್ತು. ಈಗ, ಇಷ್ಟು ದೊಡ್ಡದಾದ ಮೇಲೆ, ಬನಿಯನ್ ತೊಟ್ಟು ಬಸಿಯಲ್ಲಿ ಚಹಾ ಊದಿಕೊಂಡು ಕುಡಿಯುತ್ತಿದ್ದ ಮುದುಕನೂ ಕಂಡ. ಅವನ ಮುಖದಲ್ಲಿ ದಣಿವಿತ್ತು.

"ಅವನೂ ನಾನೇ ಏನು?" ಎಂದು ಕೇಳಿದರು.

"ನೀವು ಹೌದು ಅಂದ್ರ ಹೌದ್ರಿ," ಎಂದಳು ಮೈಲಮ್ಮ. "ನಾನು ಬೈದಿಲ್ರಿ. ಆರಕ್ಕ ಬಿಟ್ಟು ಕಳಿಸೀನಿ ಅಷ್ಟ."

ಅವರು ಅವಳನ್ನು ನೋಡಿದರು. ಅರುಣನ ಮುಂದೆ ಕೈ ಚಾಚಿದರು. ಅವನು ಅಂಗಡಿಯ ಕೀಲಿಯನ್ನು ಆ ಕೈಯಲ್ಲಿಟ್ಟ. ಅವರು ಹೊರಟುಹೋದರು. ಆದರೆ ಫ್ಲೆಕ್ಸ್ ಇಳಿಸಿ ಎಂದು ಯಾರಿಗೂ ಹೇಳಲಿಲ್ಲ.

"ಕೆಲಸದ್ದು ಏನಾತ್ರಿ?" ಎಂದು ಅರುಣ ಮೆಲ್ಲಗೆ ಕೇಳಿದ.

"ದಿನಾ ಹೊಕ್ಕೀನಿ. ಬ್ಯಾಡ ಅನ್ನಾಕ ಅವರಿಗೆ ಧೈರ್ಯ ಇದ್ರ, ನಾಲ್ಕು ಮಂದಿ ಎದುರಿಗೆ ಅನ್ಲಿ."

ಅವಳು ಚೀಲದಿಂದ ಪುಸ್ತಕ ತೆಗೆದಳು. ಕೊನೆಯ ಪುಟ ತೆರೆದು ಅವನ ಮುಂದೆ ಹಿಡಿದಳು.

ಅರುಣ ನೋಡಿದ. ತನ್ನ ಕೈ. ಹನ್ನೆರಡು ಕೈಗಳು, ಒಂದರ ಮೇಲೊಂದು. ಅವನ ಕಣ್ಣು ತುಂಬಿತು.

"ಇದನ್ನ... ಯಾವಾಗಿಂದ?"

"ಮೀಸಿ ಅಂದ್ರಲ್ಲ, ಆ ಶನಿವಾರದಿಂದ."

"ಮೂಲ್ಯಾಗ ಗುರುತಿಲ್ಲಲ್ರಿ?"

"ಅಪ್ಪಗ ತೋರಿಸಿಲ್ಲ. ಇದು ಅಪ್ಪ ಒತ್ತಾದಲ್ಲ... ನಾನು ಒತ್ತಾದು."

ಕರಿಸಿದ್ದಪ್ಪ ಸ್ವಲ್ಪ ದೂರದಲ್ಲಿ ಕಂಬಳಿ ಹೆಗಲಿಗೆ ಹಾಕಿಕೊಂಡು, ತಮ್ಮ ತಟ್ಟೆಯಗಲದ ಹೆಬ್ಬೆಟ್ಟನ್ನು ನೋಡುತ್ತ ನಿಂತಿದ್ದರು. ಹಿಂಡು ಇನ್ನೆರಡು ದಿನಕ್ಕೆ ಹಲವಾಗಲಿನ ಹೊಳೆ ದಂಡೆಗೆ ಹೊರಡುವುದಿತ್ತು. ಮೈಲಮ್ಮ ಹೋಗಿ ಅವರ ಸೊಂಟದ ಚೀಲದಿಂದ ಕೆಮ್ಮಣ್ಣಿನ ಡಬ್ಬಿ ತೆಗೆದುಕೊಂಡಳು.

ಅವಳು ಹೆಬ್ಬೆಟ್ಟು ಅದ್ದಿದಳು.

ಇಡ್ಲಿ ಗಾಡಿ, ಬಸ್ಸಿನ ಕಿಟಕಿಗಳು, ಕೋಮಲಾ ಟೀಚರ್, ಊರಿನ ನಾಲ್ಕು ಮಂದಿಯಲ್ಲ, ನಲವತ್ತು ಮಂದಿ ನೋಡುತ್ತಿದ್ದರು. ಅವನ ಮನೆಯವರು ಯಾರು, ಇವಳ ಮನೆಯವರು ಯಾರು ಎಂದು ಅವರೆಲ್ಲರಿಗೂ ಗೊತ್ತಿತ್ತು. ನೋಡಲಿ!

ಅವನ ಬಲಗೈಯನ್ನು ಹಿಡಿದು, ಮಣಿಕಟ್ಟಿನ ಮೇಲೆ, ಗಟ್ಟಿಯಾಗಿ ಒತ್ತಿದಳು.

ಕರಿಸಿದ್ದಪ್ಪ ಫ್ಲೆಕ್ಸಿನ ಮೇಲಿಂದ ಕಣ್ಣು ತೆಗೆಯದೆ ಹೇಳಿದರು:

"ಎಣ್ಣಿ ಸಾಕಷ್ಟು ಐತೇನು ನೋಡವ್ವ. ಇಲ್ಲಂದ್ರ ಮಳಿ ನೀರಿಗೆ ತೊಳಕೊಂಡು ಹೊಕ್ಕೈತಿ."

ಮೈಲಮ್ಮನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಎದುರಿಗೆ ಅರುಣ ತನ್ನ ಕೈಯನ್ನೇ ನೋಡುತ್ತ ನಿಂತಿದ್ದ. ಅದು ಬೇರೆ ಯಾರದೋ ಕೈಯೆಂಬಂತೆ.

ಇಷ್ಟು ದಿನ ಇಬ್ಬರ ನಡುವೆ ಇದ್ದ 'ರೀ' ಆ ಗಳಿಗೆಯಲ್ಲಿ ಎಲ್ಲಿ ಬಿದ್ದುಹೋಯಿತೋ, ಇಬ್ಬರಿಗೂ ತಿಳಿಯಲಿಲ್ಲ.

"ಅಳಿಸ್ತೀಯೇನು?" ಎಂದಳು.

"ಈ ಕಡೆ ಅಳಿಸಿದ್ರ ಆ ಕಡೆ ಮೂಡ್ತೈತಿ, ಮೈಲಮ್ಮ," ಎಂದ ಅವನು. "ಒಳಗ ಇಳಿದೈತಿ."

"ಹಂಗಾರ ಇನ್ನೊಂದು ಕೈ ಕೊಡು."

"ಯಾಕ?"

"ಕೈ ಹನ್ನೆರಡು ಬರೆದೀನಿ," ಎಂದಳು ಮೈಲಮ್ಮ, ಮತ್ತೆ ಬೆರಳದ್ದುತ್ತ. "ಇನ್ನೂ ಮುಗಿದಿಲ್ಲ."